ಅರ್ಜೆಂಟ್ ರಾಶಿಯ ತಳದಲ್ಲೊಂದು ಕೋಟು

ಮೇಷ್ಟ್ರು: ಇದಕ್ಕೆ ತೋಳೆಲ್ಲಯ್ಯಾ?

ಟೈಲರ್: ಇದೆ ಸಾರ್, ಎಲ್ಲೂ ಹೋಗಿಲ್ಲ.

ಮೇಷ್ಟ್ರು: ಎಲ್ಲಿದೆ ಅಂತ ಕೇಳಿದೆ.

ಟೈಲರ್: ರಾಶೀಲಿದೆ.

ಮೇಷ್ಟ್ರು: ತೋಳು ಕೋಟಲ್ಲಿರಬೇಕು ಕಣಯ್ಯಾ! ನಾಳೆ ನಾನು ನಿನ್ನ ರಾಶಿ ಹೊದ್ಕೊಂಡು ಹೋಗಲಾ?

ಹೆಡ್‌ಮೇಷ್ಟ್ರು ಶರ್ಟು ಬಿಚ್ಚಿಟ್ಟು ಟೈಲರ್ ಅಂಗಡಿಯ ಕನ್ನಡಿಯ ಮುಂದೆ ನಿಂತಿದ್ದರು. ಎದುರಿನಿಂದ ನೋಡಿದರೆ ಕೋಟು, ಪಕ್ಕದಿಂದ ನೋಡಿದರೆ ಬನಿಯನ್ನು. ಎದೆಯ ಮೇಲೆ ಸೀಮೆಸುಣ್ಣದ ಗೆರೆಗಳು, ಬೆನ್ನಿನ ಮೇಲೆ ಬಿಳಿ ದಾರದ ಕಚ್ಚಾ ಹೊಲಿಗೆ, ಕಾಲರ್ ಇರಬೇಕಾದ ಕಡೆ ನಾಲ್ಕು ಗುಂಡುಸೂಜಿ. ಗಡಿಯಾರದಲ್ಲಿ ಮಧ್ಯಾಹ್ನದ ಮೂರೂವರೆ.

ನಾಳೆ ಬೆಳಿಗ್ಗೆ ಹತ್ತಕ್ಕೆ ಅವರ ಬೀಳ್ಕೊಡುಗೆ. ಸಭೆ, ಭಾಷಣ, ಇಲ್ಲದ ಗುಣಗಳನ್ನೆಲ್ಲ ಇವೆ ಎಂದು ಹೊಗಳುವುದು, ಇವೆಲ್ಲ ಆಗುವುದೇ. ಅವರ ಜೀವವಿದ್ದದ್ದು ಫೋಟೋದಲ್ಲಿ. ಶಾಲೆಯ ಉದ್ದನೆಯ ಪಡಸಾಲೆಯಲ್ಲಿ ಹಿಂದಿನ ಹನ್ನೊಂದು ಹೆಡ್‌ಮೇಷ್ಟ್ರುಗಳ ಫೋಟೋಗಳಿದ್ದವು, ಹನ್ನೊಂದೂ ಕೋಟಿನಲ್ಲಿ. ಏಳೇ ತಿಂಗಳು ಇದ್ದು ಹೋದವನು ಸಹ ಯಾರದೋ ಕೋಟು ಎರವಲು ತಂದು ಕೂತಿದ್ದ. ಮೂವತ್ತನಾಲ್ಕು ವರ್ಷ ಅರೆತೋಳಿನ ಶರ್ಟಿನಲ್ಲಿ ಇಂಗ್ಲಿಷ್ ಹೇಳಿಕೊಟ್ಟ ನಮ್ಮ ಮೇಷ್ಟ್ರು ಹನ್ನೆರಡನೆಯವರು. ಗೋಡೆಯ ಮೇಲಾದರೂ ತೋಳು ತುಂಬಾ ಇರಲಿ ಎಂಬುದು ಅವರ ಆಸೆ. ದೊಡ್ಡ ಆಸೆಯೇನಲ್ಲ, ಆದರೆ ಇದ್ದದ್ದು ಅದೊಂದೇ.

ಮೇಷ್ಟ್ರು: ಎರಡು ತಿಂಗಳ ಹಿಂದೆ ಬಟ್ಟೆ ಕೊಟ್ಟೆನಾ ಇಲ್ಲವಾ?

ಟೈಲರ್: ಕೊಟ್ರಿ ಸಾರ್.

ಮೇಷ್ಟ್ರು: ಅರ್ಜೆಂಟ್ ಅಂತ ಹೇಳಿದೆನಾ ಇಲ್ಲವಾ?

ಟೈಲರ್: ಹೇಳಿದ್ರಿ ಸಾರ್. ಅದಕ್ಕೇ ಅಲ್ವಾ ಅರ್ಜೆಂಟ್ ರಾಶೀಲಿ ಇಟ್ಟಿರೋದು!

ಅವನು ಕೈ ತೋರಿಸಿದ ಕಡೆ ಮೇಷ್ಟ್ರು ನೋಡಿದರು. ಕತ್ತರಿಸುವ ಮೇಜಿನ ಪಕ್ಕದಲ್ಲಿ, ಆಳೆತ್ತರಕ್ಕೆ ಸ್ವಲ್ಪವೇ ಕಡಿಮೆ, ಬಟ್ಟೆಗಳ ಗುಡ್ಡ. ಪ್ರತಿಯೊಂದು ಗಂಟಿಗೂ ಒಂದು ಚೀಟಿ, ಪ್ರತಿಯೊಂದು ಚೀಟಿಯ ಮೇಲೂ ಕೆಂಪು ಶಾಯಿಯಲ್ಲಿ ಒಂದೇ ಮಾತು: ಅರ್ಜೆಂಟ್.

ಮೇಷ್ಟ್ರು: ಇದಿಷ್ಟೂ ಅರ್ಜೆಂಟಾ?

ಟೈಲರ್: ಇದಿಷ್ಟೂ. ಸುಳ್ಳಲ್ಲ, ಚೀಟಿ ನೋಡಿ.

ಮೇಷ್ಟ್ರು: ಹಾಗಾದರೆ ನಂದು ಎಲ್ಲರಿಗಿಂತ ಮೊದಲು ಬಂದಿತ್ತಲ್ಲ. ಮೊದಲು ಆಗಬೇಕಿತ್ತು.

ಟೈಲರ್: ಮೊದಲು ಬಂತು, ಅದೇ ತೊಂದರೆ ಆಗಿದ್ದು. ಮೊದಲು ಬಂದಿದ್ದು ಅಡೀಗೆ ಹೋಯ್ತು. ಮೈ ಭಾಗ ಹೇಗೋ ಕೈಗೆ ಸಿಕ್ತು, ತೋಳು ಅಡೀಲೇ ಉಳೀತು. ಆಮೇಲೆ ಬಂದವರು ಅರ್ಜೆಂಟ್ ಅಂದ್ರು, ಅವರದು ಮೇಲೆ ಬಂತು. ಅವರ ಮೇಲೆ ಇನ್ನೊಬ್ರು. ನಾನು ಮೇಲಿಂದ ತಗೊಂಡು ಹೊಲೀತೀನಿ. ಅಡಿಯಿಂದ ಎಳೆದ್ರೆ ಗುಡ್ಡವೇ ಮೈಮೇಲೆ ಬೀಳುತ್ತಲ್ಲ ಸಾರ್!

ಮೇಷ್ಟ್ರು: ಅಂದ್ರೆ ನಿನ್ನ ಅಂಗಡೀಲಿ ಬೇಗ ಬಂದವನೇ ಹಾಳಾಗಿ ಹೋಗೋದು!

ಟೈಲರ್: ಹಾಗೆ ಒರಟಾಗಿ ಹೇಳಬಾರದು. ಬೇಗ ಬಂದವರಿಗೆ ತಾಳ್ಮೆ ಜಾಸ್ತಿ ಅಂತ ನಮ್ಮ ಲೆಕ್ಕ.

ಕಿಟಕಿಯ ಬಳಿ ಟೈಲರ್‌ನ ಹೆಂಡತಿ ಶರ್ಟಿನ ಗುಂಡಿಗಳಿಗೆ ಕಾಜಾ ಹಾಕುತ್ತ ಕೂತಿದ್ದಳು. ಬಾಯಲ್ಲಿದ್ದ ಸೂಜಿ ತೆಗೆದು ಶರ್ಟಿಗೆ ಚುಚ್ಚಿ, ಕತ್ತು ತಿರುಗಿಸಿದಳು.

ಹೆಂಡತಿ: ಮೇಷ್ಟ್ರೇ, ನಮ್ಮ ಹುಡುಗಿದೊಂದು...

ಮೇಷ್ಟ್ರು: ಇರಮ್ಮ, ಈಗ ಕೋಟಿನ ಮಾತು. ಆಮೇಲೆ ನೋಡೋಣ. ಏನಯ್ಯಾ, ತಾರೀಖು ಬರೆದುಕೊಂಡಿದ್ದೆ ತಾನೇ? ಮೂವತ್ತನೇ ತಾರೀಖಿಗೆ ಬೇಕು ಅಂತ ಎರಡು ಸಲ ಹೇಳಿದ್ದೆ.

ಟೈಲರ್: ಬರೆದುಕೊಂಡೆ. ಏಳು ಸೇರಿಸಿಕೊಂಡೆ.

ಮೇಷ್ಟ್ರು: ಯಾಕೆ ಸೇರಿಸಿದೆ?

ಟೈಲರ್: ಜನ ಕಳೆದು ಹೇಳ್ತಾರಲ್ಲ ಸಾರ್. ಹತ್ತಕ್ಕೆ ಬೇಕಾದ್ರೆ ಮೂರಕ್ಕೆ ಬೇಕು ಅಂತಾರೆ. ಅವರು ಏಳು ಕಳೀತಾರೆ, ನಾವು ಏಳು ಕೂಡ್ತೀವಿ. ಇಪ್ಪತ್ತು ವರ್ಷದಿಂದ ನಡ್ಕೊಂಡು ಬಂದಿರೋ ಪದ್ಧತಿ, ಇವತ್ತಿನವರೆಗೂ ಒಬ್ಬರಿಗೂ ಮೋಸ ಆಗಿಲ್ಲ.

ಮೇಷ್ಟ್ರು: ನಾನು ಕಳೆದಿರಲಿಲ್ಲ ಕಣೋ!

ಟೈಲರ್: ಅಯ್ಯೋ, ನಿಜವಾದ ತಾರೀಖೇ ಹೇಳಿಬಿಟ್ರಾ?

ಅವನ ಮುಖದಲ್ಲಿ ನಿಜವಾದ ಗಾಬರಿ ಕಂಡಿತು. ಸುಳ್ಳು ಹೇಳುವ ಗಿರಾಕಿಗಳನ್ನು ಸಂಭಾಳಿಸುವುದು ಅವನಿಗೆ ನೀರು ಕುಡಿದಷ್ಟು ಸಲೀಸು. ನಿಜ ಹೇಳುವವನೊಬ್ಬ ಬಂದರೆ ಏನು ಮಾಡಬೇಕೆಂದು ಅವನ ಪದ್ಧತಿಯಲ್ಲಿ ಇರಲಿಲ್ಲ.

ಟೈಲರ್: ಹೇಳೋಕೆ ಮುಂಚೆ ಒಂದು ಮಾತು ಕೇಳಬಾರದಾ ಸಾರ್? ಓದಿದವರು, ಲೋಕ ಕಂಡವರು, ನೀವೂ ಎಲ್ಲರ ಹಾಗೇ ಸುಳ್ಳು ಹೇಳಿರ್ತೀರಿ ಅಂತ ನಂಬಿ ಕೂತಿದ್ದೆ. ನಿಮ್ಮ ಮೇಲಿದ್ದ ನಂಬಿಕೆ ಅದು!

ಮೇಷ್ಟ್ರು: ನಿನ್ನ ನಂಬಿಕೆಗೆ ಬೆಂಕಿ ಬೀಳಲಿ. ಸರಿ, ಹೀಗೆ ಮಾಡು. ನನ್ನ ಅರ್ಜೆಂಟ್ ವಾಪಸ್ ತಗೊಂಡೆ. ಆ ಚೀಟಿ ಹರಿದುಹಾಕು. ಅವಸರ ಇಲ್ಲದವರ ರಾಶಿ ಯಾವುದು?

ಟೈಲರ್: ಆ ಗೋಡೆಯ ಮೊಳೆ.

ಎದುರು ಗೋಡೆಯ ಮೊಳೆಯಲ್ಲಿ ಒಂದೇ ಒಂದು ಬೂದು ಬಣ್ಣದ ಪ್ಯಾಂಟು ನೇತಾಡುತ್ತಿತ್ತು. ಮಡಿಕೆಯ ಗುಂಟ ಧೂಳು ಕೂತಿತ್ತು.

ಮೇಷ್ಟ್ರು: ಅಲ್ಲಿ ಒಂದೇ ಇದೆಯಲ್ಲ! ನಂದೂ ಅಲ್ಲಿಗೆ ಹಾಕು. ಎರಡನೆಯವನಾಗಿ ನಿಂತುಕೋತೀನಿ.

ಟೈಲರ್: ಆಯ್ತು ಸಾರ್, ಬರ್ಕೊಂಡೆ. ಅವಸರ ಇಲ್ಲ. ಮುಂದಿನ ತಿಂಗಳು ಈ ಕಡೆ ಬಂದಾಗ ನೋಡಿ.

ಮೇಷ್ಟ್ರು: ಮುಂದಿನ ತಿಂಗಳಾ? ನಾಳೆ ಬೇಕಯ್ಯಾ!

ಟೈಲರ್: ಈಗ ತಾನೇ ಅವಸರ ಇಲ್ಲ ಅಂದ್ರಿ?

ಮೇಷ್ಟ್ರು: ಅದು ರಾಶಿ ಬದಲಾಯಿಸೋಕೆ ಅಂದಿದ್ದು!

ಟೈಲರ್: ನೋಡಿ, ಕೊನೆಗೆ ನೀವೂ ಸುಳ್ಳು ಹೇಳಿದ್ರಿ. ಎರಡು ತಿಂಗಳ ಹಿಂದೇನೇ ಹೇಳಿದ್ರೆ ಇಬ್ರಿಗೂ ಒಳ್ಳೇದಾಗ್ತಿತ್ತು.

ಮೇಷ್ಟ್ರು ಬೆವರು ಒರೆಸಿಕೊಳ್ಳಲು ತೋಳಿಗೆ ಕೈ ಹಾಕಿದರು. ತೋಳು ಇರಲಿಲ್ಲ.

ಮೇಷ್ಟ್ರು: ಆ ಪ್ಯಾಂಟು ಯಾರದು?

ಟೈಲರ್: ಒಬ್ರು ಬಂದಿದ್ರು ಸಾರ್. ಬಟ್ಟೆ ಕೊಟ್ಟು, 'ಅವಸರವೇನಿಲ್ಲಪ್ಪ, ನಿಧಾನವಾಗಿ ಹೊಲಿದು ಕೊಡು' ಅಂದ್ರು. ನಮಗೆ ಕೈಕಾಲೇ ಆಡಲಿಲ್ಲ. ಈ ಅಂಗಡೀಲಿ ಯಾರೂ ಆಡದ ಮಾತು ಅದು. ಇವಳಂತೂ ಹೆದರಿಬಿಟ್ಳು. ಎಲ್ಲಾ ಬಿಟ್ಟು ಅವತ್ತೇ ಹೊಲಿದು ಇಸ್ತ್ರಿ ಹಾಕಿ ಇಟ್ವಿ.

ಮೇಷ್ಟ್ರು: ಆಮೇಲೆ?

ಟೈಲರ್: ಎರಡು ವರ್ಷ ಆಯ್ತು, ಬಂದಿಲ್ಲ. ಅವರಿಗೆ ನಿಜವಾಗಲೂ ಅವಸರ ಇರಲಿಲ್ಲ.

ಹೆಂಡತಿ: ಮೇಷ್ಟ್ರೇ, ಒಂದೇ ಒಂದು ನಿಮಿಷ. ನಮ್ಮ ಹುಡುಗಿ...

ಮೇಷ್ಟ್ರು: ನೋಡೋಣ ತಾಯಿ, ನೋಡೋಣ. ಮೊದಲು ನಿನ್ನ ಗಂಡನಿಗೆ ಬುದ್ಧಿ ಹೇಳಿ ಮುಗಿಸ್ತೀನಿ.

ನೋಡೋಣ ಎಂಬುದು ಅವರು ಬಾಯಿ ತೆರೆದರೆ ತಾನಾಗಿ ಉದುರುವ ಮಾತು. ಆಡಿದ್ದು ಅವರಿಗೇ ಕೇಳಿಸುತ್ತಿರಲಿಲ್ಲ. ಅವಳು ಮತ್ತೆ ಸೂಜಿ ಬಾಯಿಗಿಟ್ಟುಕೊಂಡಳು. ಸೂಜಿಯನ್ನು ಸ್ವಲ್ಪ ಬಿಗಿಯಾಗಿಯೇ ಕಚ್ಚಿದಂತಿತ್ತು.

ಮೇಷ್ಟ್ರು: ಲೋ, ನೀನು ನನ್ನ ಕ್ಲಾಸಲ್ಲಿ ಕೂತವನು. ಅರ್ಜೆಂಟ್ ಅನ್ನೋ ಪದದ ಅರ್ಥ ಏನು ಹೇಳು?

ಟೈಲರ್: ಸಾರ್, ಈಗ ಇದೆಲ್ಲಾ...

ಮೇಷ್ಟ್ರು: ಹೇಳು!

ನಲವತ್ತೈದು ವರ್ಷದ ಆಳು, ಕೊರಳಲ್ಲಿ ಅಳತೆ ಪಟ್ಟಿ ಹಾಕಿಕೊಂಡು, ಎರಡೂ ಕೈ ಕಟ್ಟಿ ನಿಂತುಬಿಟ್ಟ. ಹಳೇ ಅಭ್ಯಾಸ ಎಲ್ಲಿ ಹೋಗುತ್ತದೆ!

ಟೈಲರ್: ಅರ್ಜೆಂಟ್ ಅಂದ್ರೆ... ಬಂದವರು ಹೇಳೋ ನಮಸ್ಕಾರ ಇದ್ದ ಹಾಗೆ ಸಾರ್. ಬರ್ತಾ ಅಂತಾರೆ, ಹೋಗ್ತಾ ಅಂತಾರೆ. ಒಂದು ಸಲ ಅಂದ್ರೆ ಹದಿನೈದು ದಿನ. 'ತುಂಬಾ ಅರ್ಜೆಂಟ್' ಅಂದ್ರೆ ಹತ್ತು ದಿನ. 'ಅರ್ಜೆಂಟ್ ಅರ್ಜೆಂಟ್' ಅಂತ ಎರಡೆರಡು ಸಲ ಅಂದ್ರೆ ಒಂದು ವಾರ. ಕೈ ಹಿಡ್ಕೊಂಡು ಕಣ್ಣಲ್ಲಿ ನೀರು ಹಾಕಿದ್ರೆ ಕತ್ತರಿ ಕೈಗೆ ತಗೋತೀವಿ.

ಮೇಷ್ಟ್ರು: ಥೂ! ಅದೇ ಮಾತನ್ನ ಬೇಗ ಅಂತ ಹೇಳಬಹುದು, ತಕ್ಷಣ ಅಂತ ಹೇಳಬಹುದು. ನಮ್ಮ ಮಾತಿಗೇನು ಬರಗಾಲ ಬಂದಿದೆಯಾ?

ಟೈಲರ್: ಬೇಗ ಅಂದ್ರೆ ಯಾರು ಹೆದರ್ತಾರೆ ಸಾರ್? 'ಬೇಗ ಕೊಡಪ್ಪಾ' ಅಂದ್ರೆ ಬೇಡಿಕೊಂಡ ಹಾಗೆ. 'ಅರ್ಜೆಂಟ್' ಅಂದ್ರೆ ಮೇಲಿನವರು ಹುಕುಂ ಮಾಡಿದ ಹಾಗೆ. ನೀವೂ ಬಟ್ಟೆ ಕೊಟ್ಟಾಗ ಬೇಗ ಅನ್ನಲಿಲ್ಲ. ಮೇಜು ಕುಟ್ಟಿ ಅರ್ಜೆಂಟ್ ಅಂದ್ರಿ.

ಮೇಷ್ಟ್ರಿಗೆ ಮಾತು ಚುಚ್ಚಿತು. ಆದರೆ ಪಾಠ ಶುರು ಮಾಡಿದ ಮೇಷ್ಟ್ರು ನಡುವೆ ನಿಲ್ಲಿಸಿದ್ದುಂಟೇ? ತೋಳಿಲ್ಲದ ಕೋಟಿನಲ್ಲೇ ಎದೆ ಸೆಟೆಸಿ, ಗೋಡೆಯನ್ನೇ ಕರಿಹಲಗೆ ಮಾಡಿಕೊಂಡು ಬೆರಳೆತ್ತಿದರು.

ಮೇಷ್ಟ್ರು: ಕೇಳಿ ಇಬ್ಬರೂ. ನಾನು ಮೂವತ್ತನಾಲ್ಕು ವರ್ಷ ಹೇಳಿಕೊಟ್ಟ ಅರ್ಥ. ಯಾವ ಕೆಲಸ ಈಗ ಮಾಡದೆ ಹೋದರೆ ಆಮೇಲೆ ಮಾಡಿಯೂ ಪ್ರಯೋಜನವಿಲ್ಲವೋ, ಅದು ಅರ್ಜೆಂಟ್. ಜೋರಾಗಿ ಹೇಳಿದ್ದಲ್ಲ, ಎರಡು ಸಲ ಹೇಳಿದ್ದಲ್ಲ. ನಾಳೆ ಹನ್ನೊಂದರ ಮೇಲೆ ಈ ಕೋಟಿಗೆ ಹತ್ತು ತೋಳು ಹಚ್ಚಿ ಕೊಟ್ಟರೂ ನನಗೆ ಬೇಡ. ಅರ್ಥ ಆಯ್ತಾ?

ಟೈಲರ್: ಆಯ್ತು ಸಾರ್.

ಮೇಷ್ಟ್ರು: ನಿನಗೇನು ಆಗುತ್ತೆ, ಅವತ್ತೂ ಹೀಗೇ ತಲೆ ಆಡಿಸ್ತಿದ್ದೆ. ನೀನು ಹೇಳು ತಾಯಿ, ಒಂದು ಉದಾಹರಣೆ ಕೊಡು ನೋಡೋಣ.

ಅವಳು ಸೂಜಿ ಕೆಳಗಿಟ್ಟಳು. ಕಾಜಾ ಹಾಕುತ್ತಿದ್ದ ಶರ್ಟನ್ನೂ ಮಡಿಸಿ ಪಕ್ಕಕ್ಕಿಟ್ಟಳು. ಎದ್ದು ನಿಂತಳು.

ಹೆಂಡತಿ: ಕೊಡ್ತೀನಿ ಮೇಷ್ಟ್ರೇ. ನಮ್ಮ ಹುಡುಗಿ ನರ್ಸಿಂಗ್ ಕಲಿಯೋಕೆ ಅರ್ಜಿ ಹಾಕಬೇಕು. ಅದರ ಜೊತೆ ಹೆಡ್‌ಮೇಷ್ಟ್ರು ಸಹಿ ಮಾಡಿದ ನಡತೆ ಪತ್ರ ಇರಬೇಕು. ಎರಡು ತಿಂಗಳ ಹಿಂದೆ ನಿಮ್ಮ ಮೇಜಿನ ಮೇಲೆ ಇಟ್ಟು ಬಂದಳು. ಹೋದಾಗಲೆಲ್ಲ ನೋಡೋಣಮ್ಮ ಅಂದ್ರಿ. ಎಂಟು ಸಲ ಹೋದಳು, ಎಂಟು ಸಲ ನೋಡೋಣ. ಕೊನೇ ದಿನ ನಾಡಿದ್ದು. ಹೊಸ ಹೆಡ್‌ಮೇಷ್ಟ್ರು ಬರೋಕೆ ಇನ್ನೂ ಹದಿನೈದು ದಿನ ಇದೆ. ನಾಳೆ ಹತ್ತು ಗಂಟೆಗೆ ನಿಮ್ಮನ್ನ ಕಳಿಸಿಕೊಟ್ಟ ಮೇಲೆ ನೀವು ನೂರು ಸಹಿ ಹಾಕಿದ್ರೂ ಅದು ಬರೀ ಹೆಸರು. ಈ ಉದಾಹರಣೆ ಸರಿ ಇದೆಯಾ?

ಮೇಷ್ಟ್ರ ಎತ್ತಿದ ಬೆರಳು ಎತ್ತಿದ ಹಾಗೇ ಇತ್ತು. ಇಳಿಸುವುದು ಹೇಗೆಂದು ಅವರಿಗೆ ತೋಚಲಿಲ್ಲ.

ಮೇಷ್ಟ್ರು: ಅಲ್ಲಮ್ಮಾ... ಅರ್ಜೆಂಟ್ ಅಂತ ಮೇಲೆ ಬರೆದಿದ್ದರೆ ನಾನೇ...

ಹೆಂಡತಿ: ಬರೆದಿದ್ದಳು. ಕೆಂಪು ಶಾಯೀಲಿ, ಕೆಳಗೆ ಮೂರು ಗೆರೆ ಎಳೆದು.

ಮೇಷ್ಟ್ರು: ಎಲ್ಲರೂ ಹಾಗೇ ಬರೀತಾರಮ್ಮ! ಒಬ್ಬರಾದರೂ ಅವಸರ ಇಲ್ಲ ಅಂತ ಬರೆದಿದ್ದನ್ನ ನಾನು ನೋಡಿಲ್ಲ. ದಿನಾ ಹೊಸದು ಬರುತ್ತೆ, ಮೇಲೆ ಇಡ್ತೀನಿ. ಅದರ ಮೇಲೆ ಇನ್ನೊಂದು ಬರುತ್ತೆ...

ಟೈಲರ್: ಅಡಿಯಿಂದ ಎಳೆಯೋಕಾಗಲ್ಲ, ಅಲ್ವಾ ಸಾರ್?

ಮೇಷ್ಟ್ರು: ನೀನು ಬಾಯಿ ಮುಚ್ಚು! ಕೊನೇ ದಿನ ಅಂತ ಬರೆದಿರ್ತಾರೆ, ನಿಜವಾದ ಕೊನೇ ದಿನ ಅದಾಗಿರಲ್ಲ. ಒಂದು ವಾರ ಹಿಂದಕ್ಕೆ ಹಾಕಿರ್ತಾರೆ. ಆದ್ದರಿಂದ ನಾವು...

ಅಲ್ಲಿಗೆ ನಿಲ್ಲಿಸಿದರು. ತಮ್ಮ ಬಾಯಿಂದ ಬರುತ್ತಿರುವ ಮಾತು ಹದಿನೈದು ನಿಮಿಷದ ಹಿಂದೆ ಯಾರ ಬಾಯಿಂದ ಬಂದಿತ್ತು ಎಂದು ನೆನಪಾಯಿತು. ಟೈಲರ್ ಮಾತನಾಡಿದ್ದರೆ ಒಳ್ಳೆಯದಿತ್ತು. ಅವನು ಸುಮ್ಮನೆ ಏಳು ಬೆರಳು ತೋರಿಸಿದ.

ಮೇಷ್ಟ್ರು: ನನ್ನ ಚೀಲ ಎಲ್ಲಿ?

ಚೀಲ ಬಾಗಿಲ ಹತ್ತಿರವೇ ಇತ್ತು. ಅವತ್ತು ಬೆಳಿಗ್ಗೆ ಮೇಜಿನ ಖಾನೆಗಳನ್ನೆಲ್ಲ ಖಾಲಿ ಮಾಡಿ, ಸಿಕ್ಕಿದ್ದನ್ನು ಒಳಗೆ ತುರುಕಿಕೊಂಡು ಬಂದಿದ್ದರು. ಎತ್ತುವಾಗ ಇಷ್ಟು ಭಾರ ಯಾಕೆ ಎಂದು ಅಂದುಕೊಂಡಿದ್ದರು, ತೆಗೆದು ನೋಡಿರಲಿಲ್ಲ. ಈಗ ಕತ್ತರಿಸುವ ಮೇಜಿನ ಮೇಲೆ ಬೋರಲು ಹಾಕಿದರು. ಎರಡು ಪೆನ್ನು, ಒಂದು ಕನ್ನಡಕದ ಡಬ್ಬಿ, ನಾಳೆ ಬೆಳಿಗ್ಗೆ ಒಪ್ಪಿಸಬೇಕಾದ ಶಾಲೆಯ ಮೊಹರು, ಶಾಯಿ ದಿಂಬು. ಅವುಗಳ ಹಿಂದೆಯೇ ದಾರ ಕಟ್ಟಿದ ಒಂದು ಕಟ್ಟು ದೊಪ್ಪನೆ ಬಿತ್ತು.

ಟೈಲರ್: ಇದಿಷ್ಟೂ ಅರ್ಜೆಂಟಾ ಸಾರ್?

ಉತ್ತರ ಕೊಡುವ ಅಗತ್ಯವಿರಲಿಲ್ಲ. ಪ್ರತಿಯೊಂದು ಹಾಳೆಯ ನೆತ್ತಿಯ ಮೇಲೂ ಆ ಮಾತಿತ್ತು. ಒಬ್ಬ ಹಸಿರು ಶಾಯಿಯಲ್ಲಿ ಬರೆದಿದ್ದ. ಇನ್ನೊಬ್ಬಳು ಅಕ್ಷರಗಳ ಸುತ್ತ ಪೆಟ್ಟಿಗೆ ಬರೆದಿದ್ದಳು. ಮತ್ತೊಬ್ಬ ಇಂಗ್ಲಿಷಿನಲ್ಲಿ ಬರೆದು, ಎಲ್ಲಿ ಓದದೆ ಹೋಗುತ್ತಾರೋ ಎಂದು ಕನ್ನಡದಲ್ಲೂ ಬರೆದಿದ್ದ. ಮೇಷ್ಟ್ರು ಕಟ್ಟನ್ನು ಮಗುಚಿ ಹಾಕಿದರು. ಎಲ್ಲಕ್ಕಿಂತ ಅಡಿಯಲ್ಲಿ ಟೈಲರ್‌ನ ಮಗಳ ಹಾಳೆ. ಕೆಂಪು ಶಾಯಿ, ಕೆಳಗೆ ಮೂರು ಗೆರೆ. ಅದರ ಅಂಚಿನಲ್ಲಿ ಪೆನ್ಸಿಲಿನ ದುಂಡನೆಯ ಅಕ್ಷರದಲ್ಲಿ ಅವರದೇ ಟಿಪ್ಪಣಿ: ನೋಡೋಣ.

ಕುರ್ಚಿ ಕೇಳಲಿಲ್ಲ, ಟೈಲರ್ ಕೂರುವ ಸ್ಟೂಲನ್ನೇ ಎಳೆದುಕೊಂಡು ಕೂತರು. ಹುಡುಗಿಯ ಹೆಸರು ಬರೆದು, ನಡತೆ ಒಳ್ಳೆಯದು ಎಂದು ಬರೆದು, ಅದು ಸಾಲದೆಂದು ತೋರಿ, ಎಂಟು ಸಲ ತಿರುಗಾಡಿಸಿದರೂ ಒಮ್ಮೆಯೂ ಮುಖ ಗಂಟಿಕ್ಕದ ಹುಡುಗಿ ಎಂದು ಸೇರಿಸಿ, ಸಹಿ ಹಾಕಿ, ಮೊಹರು ಒತ್ತಿದರು. ಐದು ನಿಮಿಷವೂ ಹಿಡಿಯಲಿಲ್ಲ.

ಮೇಷ್ಟ್ರು: ತಗೋ ತಾಯಿ. ತಪ್ಪಾಯ್ತು.

ಅವಳು ಶಾಯಿ ಒಣಗಲೆಂದು ಊದಿದಳು. ಎರಡು ಸಲ ಓದಿದಳು. ಬೀರುವಿನಲ್ಲಿಟ್ಟು ಬೀಗ ಹಾಕಿ, ಬೀಗವನ್ನು ಎಳೆದು ನೋಡಿದಳು.

ಹೆಂಡತಿ: ರೀ, ಏನು ನೋಡ್ತಾ ನಿಂತಿದ್ದೀರಿ? ಗುಡ್ಡ ಬಿದ್ದರೆ ಬೀಳಲಿ, ಆ ತೋಳು ಎಳೀರಿ!

ಟೈಲರ್ ಎಳೆದ. ಗುಡ್ಡ ಬಿತ್ತು. ಮೊಣಕಾಲುದ್ದ ಅರ್ಜೆಂಟುಗಳ ನಡುವೆ ನಿಂತು, ಎರಡು ತೋಳುಗಳನ್ನು ತಲೆಯ ಮೇಲೆತ್ತಿ ಹಿಡಿದು, ಗೆದ್ದವನ ಹಾಗೆ ನಕ್ಕ. ಮೇಷ್ಟ್ರು ಕೋಟು ಬಿಚ್ಚಿ ಅವನ ಕೈಗೆ ಕೊಟ್ಟರು. ಹೊಲಿಗೆ ಯಂತ್ರ ಓಡತೊಡಗಿತು.

ಹೆಂಡತಿ: ಆ ಉಳಿದ ಮಕ್ಕಳದ್ದು, ಮೇಷ್ಟ್ರೇ?

ಮೇಷ್ಟ್ರು ಕಟ್ಟಿನ ಮೇಲಿನ ಹಾಳೆ ಕೈಗೆ ತೆಗೆದುಕೊಂಡರು. ಒಬ್ಬ ಹುಡುಗ ಕೆಲಸಕ್ಕೆ ಸೇರಲು ಕೇಳಿದ್ದ ಪತ್ರ. ಕೊನೆಯ ದಿನ ಮೊನ್ನೆಯೇ ಮುಗಿದಿತ್ತು. ಅವರು ಅದರ ಮೇಲಿದ್ದ ಹೆಸರನ್ನು ಅವಳಿಗೆ ಓದಿ ಹೇಳಿದರು. ಆ ಹುಡುಗನ ಮುಖ ಅವರಿಗೆ ಚೆನ್ನಾಗಿ ನೆನಪಿತ್ತು. ಬಾಗಿಲ ಹೊರಗೇ ನಿಂತು ಒಳಗೆ ಬರಲೇ ಸಾರ್ ಎನ್ನುವವನು. ನಾಚಿಕೆ ಎಂದರೆ ಏನೆಂದು ಅವತ್ತು, ಬನಿಯನ್ನಿನಲ್ಲಿ ಕೂತ ಅವರಿಗೆ ಗೊತ್ತಾಯಿತು.

ಮೇಷ್ಟ್ರು: ಆ ಹುಡುಗನ ಮನೆ ಗೊತ್ತಾ ನಿನಗೆ?

ಹೆಂಡತಿ: ಹಿಂದಿನ ಬೀದಿ. ಅವರಪ್ಪನ ಶರ್ಟು ಆ ಗುಡ್ಡದಲ್ಲೇ ಇದೆ.

ಮೇಷ್ಟ್ರು: ಇವನ್ನೆಲ್ಲ ಮುಗಿಸಿ ನಾನೇ ಹೋಗಿ ಬರ್ತೀನಿ. ಬೈದರೆ ಬೈಸಿಕೊಳ್ಳಬೇಕು. ಇನ್ನೊಂದು ಶಾಯಿ ಪೆನ್ನಿದ್ದರೆ ಕೊಡು. ದೀಪ ಈ ಕಡೆ ತಿರುಗಿಸು.

ಐದಾಯಿತು. ಆರಾಯಿತು. ಅತ್ತ ಯಂತ್ರದ ಸದ್ದು, ಇತ್ತ ಮೊಹರಿನ ಸದ್ದು. ನಡುವೆ ಒಬ್ಬ ಗಿರಾಕಿ ಬಾಗಿಲಲ್ಲಿ ತಲೆ ಹಾಕಿ, 'ಸ್ವಲ್ಪ ಅರ್ಜೆಂಟಿತ್ತು' ಎಂದ. ಒಳಗಿದ್ದ ಮೂವರೂ ಒಟ್ಟಿಗೆ ತಲೆಯೆತ್ತಿ ನೋಡಿದ ರೀತಿಗೆ ಅವನು ಬಂದ ದಾರಿ ಹಿಡಿದ.

ಆರೂವರೆಗೆ ಟೈಲರ್ ದಾರ ಕತ್ತರಿಸಿ, ಕೋಟು ಕೊಡವಿ ಎತ್ತಿ ಹಿಡಿದ. ಎರಡು ತೋಳು, ಕಾಲರ್, ಮೂರು ಗುಂಡಿ. ಹನ್ನೊಂದು ಹೆಡ್‌ಮೇಷ್ಟ್ರುಗಳೂ ಗೋಡೆಯಿಂದ ಇಳಿದು ಬಂದು ಮುಟ್ಟಿ ನೋಡಬೇಕು, ಅಂಥ ಕೋಟು.

ಟೈಲರ್: ಸಾರ್, ಆಯ್ತು! ಏಳಿ, ಒಂದ್ಸಲ ಹಾಕ್ಕೊಂಡು ನೋಡಿ!

ಮೇಷ್ಟ್ರ ಮುಂದೆ ಇನ್ನೂ ಒಂಬತ್ತು ಹಾಳೆಗಳಿದ್ದವು. ಅವರು ತಲೆ ಎತ್ತಲಿಲ್ಲ.

ಮೇಷ್ಟ್ರು: ಅಲ್ಲೆಲ್ಲಾದರೂ ಇಡಯ್ಯಾ. ಅಷ್ಟೇನು ಅರ್ಜೆಂಟಿಲ್ಲ.

ಟೈಲರ್ ಎರಡು ವರ್ಷದ ಮೇಲೆ ಆ ಮಾತು ಕೇಳಿದ್ದ. ಕೈಕಾಲು ಆಡದೆ ಒಂದು ಗಳಿಗೆ ನಿಂತ. ಆಮೇಲೆ ಅಂಗಡಿಯ ಪದ್ಧತಿಯಂತೆ ಕೋಟನ್ನು ಎದುರು ಗೋಡೆಯ ಮೊಳೆಗೆ, ಬೂದು ಪ್ಯಾಂಟಿನ ಪಕ್ಕಕ್ಕೆ ತೂಗುಹಾಕಲು ಹೋದ.

ಹೆಂಡತಿ: ರೀ, ಅಲ್ಲಿ ಬೇಡ ತೆಗೀರಿ! ಆ ಮೊಳೆಗೆ ಹಾಕಿಸಿಕೊಂಡವರು ಇವತ್ತಿನವರೆಗೂ ವಾಪಸ್ ಬಂದಿಲ್ಲ!